ಆಚಂದ್ರಾರ್ಕತಾರಂ : ಸ್ಫೋಟಗೊಂಡ ನಕ್ಷತ್ರಗಳೂ ತುಂಗಭದ್ರಾತೀರವೂ

ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರು ಪ್ರಾಂತದಲ್ಲಿ ಸಂಚರಿಸುವವರಿಗೆ ದೇವಾಲಯಗಳ ಮುಂದೆಯೂ ಕೆರೆಗಳ ಏರಿಯ ಮೇಲೆಯೂ ಹೊಲಗಳ ಬದುವಿನಲ್ಲಿಯೂ ನಿಂತಿರುವ ಶಿಲಾಶಾಸನಗಳು ಅಪರಿಚಿತವಲ್ಲ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರ ಆಕೃತಿ, ನಡುವೆ ಲಿಂಗ, ಬದಿಯಲ್ಲಿ ಹಸುವೂ ಕರುವೂ. ಅದರ ಕೆಳಗೆ ಕೊಟ್ಟವರ ಹೆಸರು, ಕೊಟ್ಟ ಭೂಮಿಯ ಎಲ್ಲೆ. ಕೊನೆಯಲ್ಲಿ ಆ ದಾನವು ಚಂದ್ರಸೂರ್ಯರೂ ತಾರೆಗಳೂ ಇರುವ ವರೆಗೆ ನಡೆಯತಕ್ಕುದೆಂಬ ಒಕ್ಕಣೆ. "ಆಚಂದ್ರಾರ್ಕತಾರಂ" ಎಂಬ ಈ ಮಾತನ್ನು ಕೆತ್ತಿಸಿದ ಅರಸರೂ ದಂಡನಾಯಕರೂ ಸೆಟ್ಟಿಗಳೂ ತಾರೆಗಳನ್ನು ಅಳಿವಿಲ್ಲದ ಸಾಕ್ಷಿಗಳೆಂದೇ ನಂಬಿದ್ದರು. ಮನೆ ಬೀಳುವುದು, ರಾಜ್ಯ ತಿರುಗುವುದು, ಹೊಳೆಯೂ ಪಾತ್ರವನ್ನು ಬದಲಿಸುವುದು. ಆದರೆ ತಾರೆಯು ಇದ್ದಲ್ಲಿಯೇ ಇರುವುದೆಂಬುದು ಅವರ ಭರವಸೆಯಾಗಿದ್ದಿತು. ಆ ಸಾಕ್ಷಿಗಳಲ್ಲಿ ಕೆಲವು ಸಿಡಿದು ಸತ್ತ ಬೆಳಕು, ಇಂತಹ ಶಾಸನಗಳು ಕಡೆಯಲ್ಪಡುತ್ತಿದ್ದ ಕಾಲದಲ್ಲಿಯೇ ಇದೇ ಹೊಳೆಯ ದಂಡೆಯ ಮೇಲೆ ಬಿದ್ದಿತೆಂಬುದು ಭಕ್ತಮಹಾಶಯರಲ್ಲಿ ಬಹುಮಂದಿಗೆ ಹೊಸ ಸಂಗತಿಯಾಗಿ ತೋರಬಹುದು.

ನಕ್ಷತ್ರವೂ ಒಂದು ದಿನ ಹುಟ್ಟಿ ಒಂದು ದಿನ ಅಳಿಯತಕ್ಕುದೇ. ಬಹುಪಾಲು ನಕ್ಷತ್ರಗಳು ಎಣ್ಣೆ ತೀರಿದ ಹಣತೆಗಳಂತೆ ಮೆಲ್ಲಗೆ ಆರಿಹೋಗುವುವು. ಸೂರ್ಯನಿಗಿಂತ ಎಂಟು ಮಡಿಗೂ ಮಿಕ್ಕು ಭಾರವಾದವುಗಳಾದರೋ, ಒಳಗಿನ ಉರುವಲು ತೀರಿದೊಡನೆ ತಮ್ಮ ಭಾರದಿಂದ ತಾವೇ ಕುಸಿದು, ಮರುಗಳಿಗೆಯಲ್ಲಿ ಹೊರಕ್ಕೆ ಸಿಡಿಯುವುವು. ಇನ್ನೊಂದು ಬಗೆಯೂ ಉಂಟು. ಆರಿಹೋದ ನಕ್ಷತ್ರದ ದಟ್ಟವಾದ ಗಟ್ಟಿಯುಳಿಕೆಗೆ ಶ್ವೇತಕುಬ್ಜವೆಂದು ಹೆಸರು. ಅದು ನೆರೆಯ ನಕ್ಷತ್ರದ ದ್ರವ್ಯವನ್ನು ಸೆಳೆದುಕೊಂಡೋ ಮತ್ತೊಂದು ಕುಬ್ಜದೊಡನೆ ಬೆರೆತೋ ಸಮೂಲವಾಗಿ ಸಿಡಿದುಹೋಗುವುದು. ಈ ಘಟನೆಗೆ ಮಹಾನವ್ಯವೆಂಬ ಹೆಸರು ರೂಢಿಯಲ್ಲಿದೆ. ಎರಡು ಬಗೆಗಳಲ್ಲಿಯೂ ಒಂದೇ ನಕ್ಷತ್ರವು ಕೆಲವು ವಾರಗಳ ಕಾಲ ಕೋಟಿಗಟ್ಟಲೆ ಸೂರ್ಯರ ಬೆಳಕನ್ನು ಚೆಲ್ಲಿ ಅಡಗುವುದು. ಬೆಳಕು ಅಡಗಿದ ತರುವಾಯವೂ ಚೆದರಿದ ದ್ರವ್ಯವು ಸಾವಿರಾರು ವರ್ಷಗಳ ಪರ್ಯಂತ ಪ್ರಜ್ವಲಿಸುತ್ತಾ ಆಕಾಶದಲ್ಲಿ ಹಬ್ಬುತ್ತಿರುವುದು, ಅದೇ ಸ್ಫೋಟಾವಶೇಷ. ಕ್ರಿ. ಶ. ೧೦೦೦ದಿಂದೀಚೆಗೆ ಈ ಆಕಾಶಗಂಗೆಯೊಳಗಿನ ಇಂತಹ ಸ್ಫೋಟಗಳಲ್ಲಿ ಬರಿಗಣ್ಣಿಗೆ ಕಂಡು ದೃಢವಾಗಿ ದಾಖಲಾದವು ಐದೇ. ೧೦೦೬, ೧೦೫೪, ೧೧೮೧, ೧೫೭೨, ೧೬೦೪ ಅವುಗಳ ವರ್ಷಗಳು. ಐದೂ ತುಂಗಭದ್ರಾತೀರದಿಂದ ಕಾಣತಕ್ಕವುಗಳೇ ಆಗಿದ್ದುವು.

ಮೊದಲನೆಯದು ಶಕ ೯೨೮, ಪರಾಭವ ಸಂವತ್ಸರದ ಬೇಸಗೆಯಲ್ಲಿ, ೧೦೦೬ರ ಏಪ್ರಿಲ್ ಕೊನೆಯಲ್ಲಿ, ದಕ್ಷಿಣದ ಆಕಾಶದಲ್ಲಿ ತೋರಿತು. ಮಾನವನು ಬರೆದಿಟ್ಟ ನಕ್ಷತ್ರಗಳೊಳಗೆ ಇದಕ್ಕಿಂತ ಪ್ರಕಾಶಮಾನವಾದುದು ಇನ್ನೊಂದಿಲ್ಲ. ಶುಕ್ರನೂ ಇದರ ಮುಂದೆ ಮಂಕು. ಸ್ವಿಟ್ಸರ್ಲೆಂಡಿನ ಸೇಂಟ್ ಗಾಲ್ ಮಠದ ಸಂನ್ಯಾಸಿಗಳಿಗೆ ಅದು ದಿಗಂತದ ಅಂಚಿನಲ್ಲಿ ಮಾತ್ರ ಕಂಡಿತು. ಹಂಪೆಯಲ್ಲಾದರೋ ಅದು ದಿಗಂತದಿಂದ ನೆತ್ತಿಯವರೆಗಿನ ಎತ್ತರದಲ್ಲಿ ಮೂರನೆಯ ಒಂದು ಪಾಲಿಗೂ ಮೀರಿ ಏರುತ್ತಿದ್ದಿತು. ಮಳೆಗಾಲವೂ ಇನ್ನೂ ಬಂದಿರಲಿಲ್ಲ. ಆಗ ಕಲ್ಯಾಣದ ಚಾಲುಕ್ಯರ ಸತ್ಯಾಶ್ರಯನು ಆಳುತ್ತಿದ್ದನು. ಮರುವರ್ಷದ, ಎಂದರೆ ಶಕ ೯೨೯ರ, ಹೊಟ್ಟೂರಿನ ಶಾಸನವು ಚೋಳಸೈನ್ಯವು ನಾಡಿನೊಳಗೆ ನುಗ್ಗಿ ಮಾಡಿದ ಹಾವಳಿಯನ್ನು ವರ್ಣಿಸುವುದು. ನಕ್ಷತ್ರದ ಮಾತು ಅದರಲ್ಲಿಲ್ಲ.

ಇತಿಹಾಸದ ದೃಷ್ಟಿಯಿಂದ ಈ ಪ್ರಾಂತಕ್ಕೆ ಹೆಚ್ಚು ಸಮೀಪವಾದುದು ಎರಡನೆಯದು. ಶಕ ೯೭೬, ಜಯ ಸಂವತ್ಸರ, ೧೦೫೪ರ ಜುಲೈ ೪ರಂದು ಚೀನದ ರಾಜಧಾನಿಯ ಜ್ಯೋತಿಷಿಗಳು ಬೆಳಗಿನ ಜಾವ ಪೂರ್ವದಿಕ್ಕಿನಲ್ಲಿ, ವೃಷಭರಾಶಿಯ ಕೊಂಬಿನ ಸಮೀಪದಲ್ಲಿ, ಹಿಂದೆಂದೂ ಇಲ್ಲದ ಒಂದು ನಕ್ಷತ್ರವನ್ನು ಕಂಡರು. ಅವರು ಅದನ್ನು ಅತಿಥಿ ನಕ್ಷತ್ರವೆಂದು ಕರೆದರು. ಇಪ್ಪತ್ತಮೂರು ದಿನಗಳ ಕಾಲ ಅದು ಹಗಲಿನಲ್ಲಿಯೂ ಶುಕ್ರನಂತೆ ಕಾಣುತ್ತಿದ್ದಿತು. ರಾತ್ರಿಯ ಆಕಾಶದಲ್ಲಿ ಕ್ರಮೇಣ ಕುಂದುತ್ತಾ ೧೦೫೬ರ ಏಪ್ರಿಲ್ ೬ರಂದು ಮರೆಯಾಯಿತೆಂದು ಅವರ ದಫ್ತರಗಳಲ್ಲಿ ಬರೆದಿದೆ. ಮುಖ್ಯ ಜ್ಯೋತಿಷಿಯಾದ ಯಾಂಗ್ ವೇಯ್‌ದೆ ಎಂಬವನು ಅದು ರಾಜ್ಯಕ್ಕೆ ಶುಭಸೂಚಕವೆಂದು ಚಕ್ರವರ್ತಿಗೆ ಬಿನ್ನವಿಸಿದನು. ದೊರೆಯ ಮುಂದೆ ನಿಂತ ಜ್ಯೋತಿಷಿಯು ಬೇರೆ ಏನನ್ನು ತಾನೇ ಹೇಳಿಯಾನು!

ಆ ವರ್ಷ ತುಂಗಭದ್ರೆಯ ದಂಡೆಯಲ್ಲಿ ಶುಭವೆನ್ನುವಂತಹುದು ಹೆಚ್ಚೇನೂ ಇರಲಿಲ್ಲ. ತ್ರೈಲೋಕ್ಯಮಲ್ಲ ಆಹವಮಲ್ಲನೆಂಬ ಬಿರುದುಗಳ ಒಂದನೆಯ ಸೋಮೇಶ್ವರನು ೧೦೪೨ರಿಂದ ಕಲ್ಯಾಣದಲ್ಲಿ ಆಳುತ್ತಿದ್ದನು. ಕಂಪ್ಲಿಯಲ್ಲಿ ಚಾಲುಕ್ಯರ ಅರಮನೆಯೊಂದಿದ್ದಿತು. ಚೋಳ ರಾಜಾಧಿರಾಜನ ಶಾಸನಗಳು ತಾನು ಆ ಕಂಪಿಲಿಯ ಅರಮನೆಯನ್ನು ನೆಲಸಮಮಾಡಿದೆನೆಂದು ಹೆಮ್ಮೆಯಿಂದ ಸಾರುವುವು. ಇಂದು ಕಬ್ಬು ಬತ್ತಗಳ ಹಸುರಿನ ನಡುವೆ ಕಂಪ್ಲಿಯನ್ನು ಕಾಣುವವರಿಗೆ ಆ ಸುಟ್ಟ ಅರಮನೆಯ ನೆನಪು ಬರುವುದು ಕಷ್ಟ. ಈ ಹಗೆತನವು ಬೆಳೆದು ೧೦೫೪ರ ಸುಮಾರಿಗೆ ಕೊಪ್ಪಂ ಎಂಬಲ್ಲಿ ಘೋರಯುದ್ಧವಾಯಿತು. ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅವನ ತಮ್ಮನಾದ ಎರಡನೆಯ ರಾಜೇಂದ್ರನು ರಣಭೂಮಿಯಲ್ಲಿಯೇ ಕಿರೀಟವನ್ನು ಧರಿಸಿಕೊಂಡನು. ಕೊಪ್ಪಂ ಎಂಬುದು ಹಂಪೆಗೆ ಸಮೀಪದ ಕೊಪ್ಪಳವೆಂದು ಕೆಲವು ಪಂಡಿತರೂ, ಕೃಷ್ಣಾತೀರದ ಖಿದ್ರಾಪುರವೆಂದು ಕೆಲವರೂ ವಾದಿಸಿರುವರು. ಅದೆಲ್ಲಿಯೇ ಇರಲಿ, ಆ ದಿನಗಳಲ್ಲಿ ದಂಡಿನ ಜೊತೆ ನಡೆದ ಸಾವಿರಾರು ಜನರೂ, ದಂಡಿಗೆ ಹೆದರಿ ಊರು ಬಿಟ್ಟವರೂ, ಮುಂಜಾವದಲ್ಲಿ ಎದ್ದು ಮೂಡಣಕ್ಕೆ ನೋಡಿದಾಗ ಈ ಹೊಸ ತಾರೆಯ ಕೆಳಗೇ ಇದ್ದರು.

ಜುಲೈ ತಿಂಗಳು ಮಳೆಗಾಲವಾದುದರಿಂದ ಇಲ್ಲಿ ಯಾರಿಗೂ ಅದು ಕಂಡಿರಲಾರದೆಂದು ಹೇಳುವುದುಂಟು. ಈ ಸಮಾಧಾನವು ಸಾಲದು. ಬಳ್ಳಾರಿಯ ಸೀಮೆಯು ಮಳೆಯ ಮರೆಯಲ್ಲಿರುವ ಸೀಮೆ. ಆಷಾಢದಲ್ಲಿಯೂ ಮೋಡವು ಹರಿದು ಆಕಾಶವು ತೆರೆಯುವ ದಿನಗಳು ಅಲ್ಲಿ ಬಾರದೆ ಇರವು. ಅದೂ ಅಲ್ಲದೆ ನಕ್ಷತ್ರವು ಇಪ್ಪತ್ತೊಂದು ತಿಂಗಳುಗಳಿಗೂ ಮಿಕ್ಕು ಕಾಣುತ್ತಿದ್ದಿತಷ್ಟೆ. ಅದೇ ವರ್ಷದ ಕಾರ್ತಿಕ ಮಾರ್ಗಶಿರಗಳ ಹೊತ್ತಿಗೆ, ಮಳೆ ನಿಂತು ಆಕಾಶವು ತೊಳೆದಿಟ್ಟಂತಾದಾಗ, ಅದು ಸಂಜೆಯಲ್ಲಿಯೇ ಮೂಡಿ ನಡುರಾತ್ರಿಯ ಸಮಯಕ್ಕೆ ಹಂಪೆಯ ನೆತ್ತಿಯ ತೀರ ಬಳಿಯಲ್ಲಿ, ಐದಾರು ಅಂಶಗಳಷ್ಟೇ ಉತ್ತರಕ್ಕೆ ಸರಿದು, ಹಾದುಹೋಗುತ್ತಿದ್ದಿರಬೇಕು. ರೋಹಿಣಿಯನ್ನೂ ಮೃಗಶಿರೆಯನ್ನೂ ನೋಡಿ ರಾತ್ರಿಯ ಜಾವಗಳನ್ನು ಎಣಿಸುತ್ತಿದ್ದ ಒಕ್ಕಲಿಗರಿಗೂ ಕುರುಬರಿಗೂ ಅವುಗಳ ಮಗ್ಗುಲಲ್ಲಿ ಹೊಸದೊಂದು ಬಂದು ಕುಳಿತುದು ತಿಳಿಯದೆ ಹೋದೀತೆ?

ಹೀಗಿದ್ದೂ ಈ ಪ್ರಾಂತದ ಶಾಸನಗಳಲ್ಲಿ ೧೦೫೪ರ ನಕ್ಷತ್ರವೇ ಇದೆಂದು ವಿದ್ವಾಂಸರೆಲ್ಲರೂ ಒಪ್ಪತಕ್ಕ ಉಲ್ಲೇಖವು ದೊರೆತಿಲ್ಲ. ಇದರಿಂದ ಕನ್ನಡಿಗರು ಆಕಾಶವನ್ನು ನೋಡದವರೆಂದು ಹಳಿಯುವುದು ಅನ್ಯಾಯ. ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಾಂತಿ, ವ್ಯತೀಪಾತಗಳನ್ನು ತಿಥಿವಾರಸಮೇತವಾಗಿ ಕೆತ್ತಿಸಿದ ನೂರಾರು ಕಲ್ಲುಗಳು ಇದೇ ನಾಡಿನಲ್ಲಿವೆ. ಅವುಗಳಲ್ಲಿ ಹೇಳಿದ ಗ್ರಹಣಗಳನ್ನು ಇಂದಿನ ಗಣಿತದಿಂದ ಪರೀಕ್ಷಿಸಿ ಸರಿಯೆಂದು ಕಂಡುಕೊಂಡವರುಂಟು. ಭೇದವು ನೋಟದಲ್ಲಿಲ್ಲ, ಕಲ್ಲಿನ ಉದ್ದೇಶದಲ್ಲಿದೆ. ಶಾಸನವೆಂಬುದು ದಾನದ ಪತ್ರ. ಗ್ರಹಣಕಾಲವು ದಾನಕ್ಕೆ ಪುಣ್ಯಕಾಲವಾದುದರಿಂದ ಅದು ಕಲ್ಲನ್ನೇರಿತು. ಹೊಸ ನಕ್ಷತ್ರವು ಯಾವ ಪರ್ವವೂ ಅಲ್ಲ. ಅದರ ಹೆಸರಿನಲ್ಲಿ ಕೊಡತಕ್ಕ ದಾನವೂ ಇಲ್ಲ. ವರಾಹಮಿಹಿರನ ಬೃಹತ್ಸಂಹಿತೆಯು ಇಂತಹ ಅಪೂರ್ವ ಜ್ಯೋತಿಗಳನ್ನು ಕೇತುಗಳ ಅಧ್ಯಾಯದಲ್ಲಿ ಉತ್ಪಾತಗಳೊಡನೆ ಸೇರಿಸಿದೆ. ಉತ್ಪಾತಕ್ಕೆ ಶಾಂತಿಯನ್ನು ಮಾಡಿಸುವರೇ ಹೊರತು ಶಾಸನವನ್ನು ಬರೆಯಿಸುವವರಿಲ್ಲ. ಅದಲ್ಲದೆ, ತಾರೆಗಳಿರುವ ವರೆಗೆ ಎಂದು ಬರೆಯುತ್ತಿದ್ದ ಉಳಿಯು, ತಾರೆಗೂ ಹುಟ್ಟುಸಾವುಗಳುಂಟೆಂದು ಅದೇ ಕಲ್ಲಿನಲ್ಲಿ ಬರೆಯುವುದು ಹೇಗೆ? ಚೀನದಲ್ಲಾದರೋ ಆಕಾಶದಲ್ಲಿ ನಡೆದುದನ್ನು ದಿನದಿನವೂ ಬರೆದಿಡುವುದೇ ಒಂದು ಸರ್ಕಾರಿ ಉದ್ಯೋಗವಾಗಿದ್ದಿತು. ಬರೆಯುವ ಕೆಲಸಕ್ಕೆಂದೇ ಒಬ್ಬನನ್ನು ನೇಮಿಸಿದಲ್ಲಿ ಮಾತ್ರ ಇತಿಹಾಸವು ಉಳಿಯುವುದು. ಓಲೆಗರಿಗಳಲ್ಲಿ ಯಾರಾದರೂ ಬರೆದಿದ್ದರೂ ಗೆದ್ದಲೂ ಬೆಂಕಿಯೂ ದಂಡೂ ಅವುಗಳನ್ನು ಬಿಡಲಿಲ್ಲ. ಸೋಮೇಶ್ವರನು ೧೦೬೮ರಲ್ಲಿ ರೋಗಪೀಡಿತನಾಗಿ ಕುರುವತ್ತಿಯಲ್ಲಿ ತುಂಗಭದ್ರೆಯೊಳಕ್ಕೆ ಇಳಿದು ದೇಹವನ್ನು ಬಿಟ್ಟನು. ಅಷ್ಟು ಹೊತ್ತಿಗೆ ಅವನ ಕಾಲದ ಆ ನಕ್ಷತ್ರವು ಆರಿ ಹನ್ನೆರಡು ವರ್ಷಗಳಾಗಿದ್ದುವು.

ಮೂರನೆಯ ನಕ್ಷತ್ರವು ಶಕ ೧೧೦೩, ಪ್ಲವ ಸಂವತ್ಸರದಲ್ಲಿ, ೧೧೮೧ರ ಆಗಸ್ಟ್ ತಿಂಗಳಿನಿಂದ ಸುಮಾರು ಆರು ತಿಂಗಳು ಉತ್ತರದಿಕ್ಕಿನಲ್ಲಿ ತೋರಿ ಅಡಗಿತು. ಅಷ್ಟೇನೂ ಉಜ್ವಲವಲ್ಲದ ಇದರ ವಿಷಯವನ್ನು ಚೀನ ಜಪಾನುಗಳವರು ಬರೆದಿರುವರು. ಆಗ ಕಲ್ಯಾಣದಲ್ಲಿ ಬಿಜ್ಜಳನ ಮಕ್ಕಳ ಆಳಿಕೆಯು ಕೊನೆಗಾಣುತ್ತಿದ್ದಿತು. ಶರಣರು ಕಲ್ಯಾಣವನ್ನು ಬಿಟ್ಟು ದಿಕ್ಕುದಿಕ್ಕಿಗೆ ಚೆದರಿ ಹದಿನಾಲ್ಕು ವರ್ಷಗಳ ಮೇಲಾಗಿದ್ದುವು. ಆ ತಲೆಮಾರಿನ ಯಾವ ಶರಣನು ಯಾವ ಊರಿನ ಜಗಲಿಯಿಂದ ಅದನ್ನು ನೋಡಿದನೋ!

ನಾಲ್ಕನೆಯದರ ಕಾಲಕ್ಕೆ ಹಂಪೆಯ ವೈಭವವೆಲ್ಲವೂ ಬಂದು ಹೋಗಿದ್ದಿತು. ೧೫೬೫ರ ಜನವರಿಯಲ್ಲಿ ರಾಮರಾಯನು ರಣದಲ್ಲಿ ಬಿದ್ದನು, ವಿಜಯನಗರವು ಸೂರೆಯಾಯಿತು. ಎರಡು ವರ್ಷಗಳ ಮೇಲೆ ಅಲ್ಲಿಗೆ ಬಂದು ಏಳು ತಿಂಗಳು ತಂಗಿದ್ದ ವೆನಿಸ್ಸಿನ ವರ್ತಕ ಸೆಸಾರೆ ಫೆದರೀಚಿಯು ಮನೆಗಳು ಇನ್ನೂ ನಿಂತಿದ್ದರೂ ಒಳಗೆ ಜನರಿಲ್ಲದೆ ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿದ್ದುದನ್ನು ಬರೆದಿಟ್ಟಿರುವನು. ಶಕ ೧೪೯೪, ಆಂಗೀರಸ ಸಂವತ್ಸರದಲ್ಲಿ ಶ್ರೀರಂಗರಾಯನು ಪೆನುಗೊಂಡೆಯಲ್ಲಿ ಪಟ್ಟವೇರಿದನು. ಅದೇ ವರ್ಷ, ೧೫೭೨ರ ನವೆಂಬರದಲ್ಲಿ, ಉತ್ತರದ ಆಕಾಶದಲ್ಲಿ ಶುಕ್ರನಿಗೆ ಸಮನಾದ ಹೊಸ ನಕ್ಷತ್ರವು ಕಾಣಿಸಿಕೊಂಡಿತು. ವಿರೂಪಾಕ್ಷನ ಗುಡಿಯ ಬಳಿ ನಿಂತು ಹೊಳೆಯ ಆಚೆಗೆ ನೋಡಿದವನಿಗೆ ಅದು ಆನೆಗೊಂದಿಯ ಕಡೆಯ ಬಂಡೆಗುಡ್ಡಗಳ ಮೇಲುಗಡೆ, ಆಕಾಶದ ಅರ್ಧದಷ್ಟು ಎತ್ತರದಲ್ಲಿ, ಕಾಣುತ್ತಿದ್ದಿತು. ಮೊದಲು ಬೆಳ್ಳಗೆ, ತರುವಾಯ ಹಳದಿಯಾಗಿ, ಆಮೇಲೆ ಕೆಂಪೇರಿ ೧೫೭೪ರ ಮಾರ್ಚಿಯಲ್ಲಿ ಮರೆಯಾಯಿತು. ಡೆನ್ಮಾರ್ಕಿನ ಟೈಕೋ ಬ್ರಾಹೆಯು ರಾತ್ರಿ ರಾತ್ರಿಯೂ ಅದನ್ನು ಅಳೆದು, ಅದು ಚಂದ್ರನಿಗಿಂತ ಬಹುದೂರದಲ್ಲಿ, ನಕ್ಷತ್ರಗಳ ನಡುವೆಯೇ ಇರುವುದೆಂದು ಸಾಧಿಸಿದನು. ಮೇಲಿನ ಲೋಕದಲ್ಲಿ ಯಾವ ಮಾರ್ಪಾಡೂ ಇಲ್ಲವೆಂದು ಎರಡು ಸಾವಿರ ವರ್ಷಗಳಿಂದ ಯೂರೋಪಿನವರು ನಂಬಿದ್ದುದು ಅಲ್ಲಿಂದ ಸಡಿಲವಾಯಿತು. ೧೬೦೪ರ ಐದನೆಯದು ಗುರು ಶನಿಗಳು ಕೂಡಿದ ಕಾಲದಲ್ಲಿ ಅವುಗಳ ಸಮೀಪದಲ್ಲಿಯೇ ಮೂಡಿದ್ದರಿಂದ ಪಂಚಾಂಗವನ್ನು ಬಲ್ಲವರ ಕಣ್ಣಿಗೆ ಬೀಳದಿರುವುದು ಅಸಂಭವ. ಜರ್ಮನಿಯ ಕೆಪ್ಲರನು ಅದರ ಮೇಲೆ ಒಂದು ಗ್ರಂಥವನ್ನೇ ಬರೆದನು. ಆಗ ರಾಜ್ಯದಲ್ಲಿದ್ದವನು ವೆಂಕಟಪತಿರಾಯನು. ರಾಜಧಾನಿಯು ಪೆನುಗೊಂಡೆಯನ್ನೂ ಬಿಟ್ಟು ಇನ್ನೂ ತೆಂಕಕ್ಕೆ ಹೋಗಿದ್ದಿತು.

ಸತ್ತ ನಕ್ಷತ್ರಗಳು ಬಿಟ್ಟುಹೋದುದೇನೆಂಬುದು ತಿಳಿಯಲು ಬಹುಕಾಲ ಹಿಡಿಯಿತು. ವೃಷಭನ ಕೊಂಬಿನ ಬಳಿಯ ಮಸುಕಾದ ಬೆಳಕಿನ ಮಚ್ಚೆಯನ್ನು ೧೭೩೧ರಲ್ಲಿ ಇಂಗ್ಲೆಂಡಿನ ಜಾನ್ ಬೆವಿಸನು ದೂರದರ್ಶಕದಿಂದ ಮೊದಲು ಕಂಡನು. ಮುಂದಿನ ಶತಮಾನದಲ್ಲಿ ಐರ್ಲೆಂಡಿನ ಲಾರ್ಡ್ ರಾಸ್‌ನು ಬರೆದ ಚಿತ್ರವು ಏಡಿಯಂತೆ ತೋರಿದುದರಿಂದ ಅದಕ್ಕೆ ಏಡಿ ನೀಹಾರಿಕೆಯೆಂಬ ಹೆಸರು ನಿಂತಿತು. ಬೇರೆ ಬೇರೆ ವರ್ಷಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ ಅದು ಹಿಗ್ಗುತ್ತಿರುವುದನ್ನು ೧೯೨೧ರಲ್ಲಿ ಕಂಡುಹಿಡಿದರು. ಹಿಗ್ಗುವ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ಅದು ಒಂದೇ ಬಿಂದುವಾಗಿದ್ದಿರಬೇಕೆಂದಾಯಿತು. ೧೯೨೮ರಲ್ಲಿ ಎಡ್ವಿನ್ ಹಬಲ್ಲನು ಚೀನದವರ ಅತಿಥಿಯೇ ಇದೆಂದು ಹೇಳಿದನು. ಆ ಸ್ಫೋಟದ ಮಧ್ಯದಲ್ಲಿ ಉಳಿದಿರುವ ಗಟ್ಟಿಯು ೧೯೬೮ರಲ್ಲಿ ಗೊತ್ತಾಯಿತು. ಅದರ ಅಡ್ಡಗಲವು ಸುಮಾರು ಇಪ್ಪತ್ತು ಕಿಲೋಮೀಟರು, ಎಂದರೆ ಹೊಸಪೇಟೆಯಿಂದ ಹೊರಟು ಹಂಪೆಯನ್ನು ದಾಟಿ ಕಂಪ್ಲಿಯನ್ನು ಇನ್ನೂ ಮುಟ್ಟದಷ್ಟು ದೂರ. ತೂಕವಾದರೋ ಸೂರ್ಯನಿಗಿಂತ ಮಿಗಿಲು. ಅದು ಕ್ಷಣಕ್ಕೆ ಮೂವತ್ತು ಸುತ್ತು ತಿರುಗುತ್ತಿದೆ. ತಿರುಗುವ ವೇಗವು ಬಹಳ ಮೆಲ್ಲಗೆ ಕುಂದುತ್ತಿರುವುದರಿಂದ ಹೊರಬೀಳುವ ಶಕ್ತಿಯೇ ನೀಹಾರಿಕೆಯನ್ನು ಇಂದಿಗೂ ಬೆಳಗಿಸುವುದು. ಹೊರಗಿನ ಕೆಂಪು ಎಳೆಗಳು ನಕ್ಷತ್ರದಿಂದ ಚೆದರಿದ ಅನಿಲ; ಒಳಗಿನ ತಿಳಿನೀಲಿಯ ಬೆಳಕು ಕಾಂತಕ್ಷೇತ್ರದಲ್ಲಿ ಸುಳಿಸುಳಿಯಾಗಿ ಧಾವಿಸುವ ವಿದ್ಯುತ್ಕಣಗಳದು.

ಅದರ ದೂರವು ಸುಮಾರು ೬೫೦೦ ಜ್ಯೋತಿರ್ವರ್ಷ. ೧೦೫೪ರಲ್ಲಿ ಕಂಪ್ಲಿಯ ಮೇಲೆ ಬಿದ್ದ ಬೆಳಕು ಅಷ್ಟು ವರ್ಷಗಳ ಮುಂಚೆಯೇ ಹೊರಟಿದ್ದಿತು. ಹಂಪೆಯ ಬಳಿ ನಿಂಬಾಪುರದಲ್ಲಿರುವ ಬೂದಿಯ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನರು ತೋರಿಸುವರು. ಈ ಸೀಮೆಯ ಕುಡತಿನಿ ಮೊದಲಾದೆಡೆಗಳ ಬೂದಿಗುಡ್ಡಗಳು ಸುಮಾರು ಐದು ಸಾವಿರ ವರ್ಷಗಳಿಂದೀಚೆಗೆ ದನಗಾಹಿ ಜನರು ಸಗಣಿಯ ರಾಶಿಗಳನ್ನು ಸುಟ್ಟು ಉಳಿದವೆಂದು ಅಗೆತಗಳಿಂದ ಸಿದ್ಧಪಟ್ಟಿದೆ. ಆ ಮೊದಲ ಬೂದಿಯು ಇಲ್ಲಿ ಬೀಳುವುದಕ್ಕೂ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಆ ನಕ್ಷತ್ರವು ಸಿಡಿದು ಸತ್ತುಹೋಗಿದ್ದಿತು.

ಕಲ್ಲುಗಳು ಬರೆಯದೆ ಬಿಟ್ಟುದನ್ನು ಓದುವ ಕೆಲಸವು ಈಚೆಗೆ ಕನ್ನಡನಾಡಿನಲ್ಲಿಯೇ ನಡೆಯುತ್ತಿರುವುದು ಸಂತೋಷಕರ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಭಾರತೀಯ ಖಭೌತ ಸಂಸ್ಥೆಯವರೂ ಕೂಡಿ ಗೌರಿಬಿದನೂರಿನಲ್ಲಿ ಸಾವಿರ ಕಂಬಿಗಳನ್ನು ಬಯಲಿನಲ್ಲಿ ಹರಡಿ ಕಟ್ಟಿದ ರೇಡಿಯೋ ದೂರದರ್ಶಕವು, ಪೂರ್ವಪಶ್ಚಿಮವಾಗಿ ೧.೪ ಕಿಲೋಮೀಟರು ಉದ್ದದ್ದು, ೧೯೮೦ರ ದಶಕದಲ್ಲಿ ಹಂಸಮಂಡಲದ ಪ್ರಾಚೀನ ಅವಶೇಷವೇ ಮೊದಲಾದವುಗಳ ರೂಪವನ್ನು ಅವುಗಳ ದೀರ್ಘತರಂಗಗಳಲ್ಲಿ ಗುರುತಿಸಿಕೊಟ್ಟಿತು. ೨೦೨೪ರ ಜನವರಿ ೧ರಂದು ಇಸ್ರೋ ಸಂಸ್ಥೆಯು ಹಾರಿಸಿದ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹದಲ್ಲಿ ರಾಮನ್ ಸಂಸ್ಥೆಯ ಪಾಲಿಕ್ಸ್ ಯಂತ್ರವಿದ್ದಿತು. ನಕ್ಷತ್ರದಿಂದ ಬರುವ ಕ್ಷಕಿರಣಗಳು ಯಾವ ದಿಕ್ಕಿನಲ್ಲಿ ಕಂಪಿಸುವುವೆಂಬುದನ್ನು ತಿಳಿದರೆ ಅಲ್ಲಿಯ ಕಾಂತಕ್ಷೇತ್ರವು ಹೇಗೆ ಹಾಸಿಕೊಂಡಿದೆಯೆಂದು ಗೊತ್ತಾಗುವುದು; ಅದೇ ಪಾಲಿಕ್ಸಿನ ಕೆಲಸ. ಅದು ಆ ತಿಂಗಳ ೧೫ರಿಂದ ೧೮ರ ವರೆಗೆ ಮೊಟ್ಟಮೊದಲು ನೋಡಿದುದು ೧೦೫೪ರ ಆ ಅವಶೇಷವನ್ನೇ. ಜೊತೆಯ ಎಕ್ಸ್‌ಸ್ಪೆಕ್ಟ್ ಯಂತ್ರವು ಹತ್ತು ದಿನ ಮುಂಚೆ, ಜನವರಿ ೫ರಂದು, ಉತ್ತರದಿಕ್ಕಿನ ಕಾಶ್ಯಪೀಯದಲ್ಲಿರುವ ಇನ್ನೊಂದು ಅವಶೇಷದ ಕಿರಣಗಳನ್ನು ಬಿಡಿಸಿ ನೋಡಿತು. ಆ ಸ್ಫೋಟವಾಗಿ ಮುನ್ನೂರೈವತ್ತು ವರ್ಷಗಳಷ್ಟೇ ಆಗಿದ್ದರೂ ಅದನ್ನು ಕಂಡವರ ನಿಶ್ಚಿತ ಬರೆಹವು ಯಾವ ದೇಶದಲ್ಲಿಯೂ ಇಲ್ಲ. ಚೀನದ ದಫ್ತರಗಳೂ ತಪ್ಪಿದವೆಂಬುದನ್ನು ಶಾಸನಗಳನ್ನು ಹಳಿಯುವವರು ಗಮನಿಸಬೇಕು. ಆ ಕಿರಣಗಳಲ್ಲಿ ಮೆಗ್ನೀಸಿಯಂ, ಸಿಲಿಕಾನು, ಗಂಧಕ, ಆರ್ಗಾನು, ಕ್ಯಾಲ್ಸಿಯಂಗಳ ಗೆರೆಗಳ ಜೊತೆಗೆ ಕಬ್ಬಿಣದ ಗೆರೆಯೂ ಸ್ಪಷ್ಟವಾಗಿ ಕಂಡಿತು.

ಕಬ್ಬಿಣವೆಂದೊಡನೆ ಸಂಡೂರಿನ ಬೆಟ್ಟಗಳು ನೆನಪಾಗುವುವು. ಕುಮಾರಸ್ವಾಮಿಯು ನೆಲಸಿರುವ ಅಲ್ಲಿಯ ಬೆಟ್ಟಕ್ಕೆ ಲೋಹಾಚಲವೆಂದು ಹೆಸರು. ಇಟ್ಟವರು ಮಣ್ಣಿನ ಗುಣವನ್ನು ಬಲ್ಲವರೇ ಆಗಿರಬೇಕು. ಆ ಕೆಂಪು ಅದಿರು ಸುಮಾರು ೨೭೦ ಕೋಟಿ ವರ್ಷಗಳ ಹಿಂದೆ ಆದಿಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣವು ಪದರ ಪದರವಾಗಿ ತಳಕ್ಕೆ ಇಳಿದು ಆದುದು. ಸಮುದ್ರಕ್ಕೆ ಅದು ಬಂದುದು ಭೂಮಿಯಿಂದ. ಭೂಮಿಗೆ ಬಂದುದು ಸೂರ್ಯನೂ ಹುಟ್ಟುವ ಮುಂಚೆ ಸಿಡಿದುಹೋದ ನಕ್ಷತ್ರಗಳಿಂದ. ೧೦೦೬, ೧೫೭೨, ೧೬೦೪ರ ನಕ್ಷತ್ರಗಳು ಶ್ವೇತಕುಬ್ಜದ ಬಗೆಯವು. ಅಂತಹ ಸ್ಫೋಟದಲ್ಲಿ ಮೊದಲು ಒಂದು ಬಗೆಯ ನಿಕಲ್ಲು ಉಂಟಾಗಿ, ಆರು ದಿನಗಳಿಗೊಮ್ಮೆ ಅರ್ಧದಷ್ಟು ಕೋಬಾಲ್ಟಾಗಿ ಮಾರ್ಪಡುತ್ತಾ, ಆ ಕೋಬಾಲ್ಟು ಎಪ್ಪತ್ತೇಳು ದಿನಗಳಿಗೊಮ್ಮೆ ಅರ್ಧದಷ್ಟು ಕಬ್ಬಿಣವಾಗುತ್ತಾ ಹೋಗುವುದು. ಆ ಮಾರ್ಪಾಡಿನ ತಾಪವೇ ವಾರಗಟ್ಟಲೆ ಕಾಣುವ ಬೆಳಕು. ಆನೆಗೊಂದಿಯ ಗುಡ್ಡಗಳ ಮೇಲುಗಡೆ ಬೆಳ್ಳಗೆ ಮೂಡಿ ಕೆಂಪೇರಿ ಅಡಗಿದ ನಕ್ಷತ್ರದಲ್ಲಿ ಜನರು ಕಂಡುದು ಕಬ್ಬಿಣವು ಹುಟ್ಟುವ ಬೆಳಕನ್ನೇ. ಒಂದೊಂದು ಸ್ಫೋಟದಿಂದಲೂ ಸೂರ್ಯನ ತೂಕದ ಅರ್ಧಕ್ಕೂ ಮಿಕ್ಕ, ಎಂದರೆ ಭೂಮಿಯಂತಹ ಎರಡು ಲಕ್ಷ ಗೋಳಗಳಷ್ಟು, ಕಬ್ಬಿಣವು ಆಕಾಶದಲ್ಲಿ ಚೆದರುವುದು.

ಆ ಶಾಸನಗಳನ್ನು ಕಡೆದ ಉಳಿಯೂ, ಕೊಪ್ಪಂನ ರಣದಲ್ಲಿ ಹಾರಿದ ಬಾಣದ ಮೊನೆಯೂ, ಕಂಪ್ಲಿಯ ಗದ್ದೆಯ ನೇಗಿಲಿನ ಗುಳವೂ ಅದೇ ಕಬ್ಬಿಣದವು. ಸಂಡೂರಿನ ಅದಿರು ಇಪ್ಪತ್ತನೆಯ ಶತಮಾನದಲ್ಲಿ ಗಾಡಿಗಾಡಿಯಾಗಿ, ಆಮೇಲೆ ರೈಲುರೈಲಾಗಿ ಬೆಟ್ಟದಿಂದ ಇಳಿಯಿತು. ಹೊಸ ಶತಮಾನದ ಮೊದಲ ದಶಕದಲ್ಲಿ ಅದು ಮಿತಿಮೀರಿ ಇಳಿದು ಹೊಲಗಳ ಪೈರೂ ಹಳ್ಳಗಳ ನೀರೂ ಕೆಂಪುಧೂಳಿನಿಂದ ಮುಚ್ಚಿದಾಗ, ೨೦೧೧ರ ಜುಲೈ ತಿಂಗಳಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ತರುವಾಯ ಮಿತಿಗಳನ್ನು ವಿಧಿಸಿ ಮರಳಿ ಅನುಮತಿ ಕೊಟ್ಟಿತು. ನಕ್ಷತ್ರಗಳು ಈ ಬೆಟ್ಟಕ್ಕೆ ಕೊಟ್ಟುದು ಒಂದೇ ಸಲ.

ಏಡಿ ನೀಹಾರಿಕೆಯನ್ನು ನೋಡಬಯಸುವವರು ಪುಷ್ಯ ಮಾಘಗಳ ಚಂದ್ರನಿಲ್ಲದ ರಾತ್ರಿಯಲ್ಲಿ ಊರಿನ ದೀಪಗಳಿಂದ ದೂರ ಹೋಗಿ, ರೋಹಿಣಿಯ ಪೂರ್ವಕ್ಕೆ ವೃಷಭನ ತೆಂಕಣ ಕೊಂಬಿನ ತುದಿಯನ್ನು ಗುರುತಿಸಿ, ಅದರ ಬಳಿಗೆ ಸಣ್ಣದೊಂದು ದೂರದರ್ಶಕವನ್ನು ತಿರುಗಿಸಬೇಕು. ವಿಭೂತಿಯ ಬೆರಳಚ್ಚಿನಂತೆ ಮಸುಕಾದ ಒಂದು ಬಿಳಿಯ ಗುರುತು ಅಲ್ಲಿ ಕಾಣುವುದು. ಹಂಪೆಯ ಕಡೆಯಿಂದ ನೋಡುವವರಿಗೆ ಅದು ಇಂದಿಗೂ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ.